ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿ

ಹಂಗಾಮು ಹತ್ತಿರವಾದಂತೆ ಊರೂರಿಗೂ ಹೊಸ ಹೊಸ ಸೀಸೆಗಳು ಬರುತ್ತವೆ. ಬೆಳೆಗೆ ಸಿಂಪಡಿಸುವ ಟಾನಿಕ್ಕು, ಬೇರಿಗೆ ಹಾಕುವ ಪುಡಿ, ಬೀಜಕ್ಕೆ ಲೇಪಿಸುವ ದ್ರಾವಣ. ಹೆಸರು ಹಲವಾದರೂ ಭರವಸೆ ಒಂದೇ: ಇಳುವರಿ ಹೆಚ್ಚುತ್ತದೆ! ಮಾರುವವರು ರಸ್ತೆ ಬದಿಯ ಒಂದು ತಾಕನ್ನು ತೋರಿಸುತ್ತಾರೆ. ಅಲ್ಲಿ ಪೈರು ಹುಲುಸಾಗಿ ನಿಂತಿದೆ, ಪಕ್ಕದ ತಾಕು ಬಡಕಲಾಗಿದೆ. ಕಣ್ಣಾರೆ ಕಂಡ ಮೇಲೆ ಇನ್ನೇನು ಎಂದು ಸಾಲ ಮಾಡಿಯಾದರೂ ಹಣ ಎಣಿಸುವವರಿದ್ದಾರೆ. ರೈತ ಬಾಂಧವರೇ, ಎಣಿಸುವ ಮುನ್ನ ಸ್ವಲ್ಪ ಯೋಚಿಸಿ.

ಆ ಹುಲುಸಾದ ತಾಕಿಗೆ ಹಿಂದಿನ ವರ್ಷ ಕೆರೆಗೋಡು ಹೊಡೆದಿರಬಹುದು. ಕುರಿಮಂದೆ ನಿಲ್ಲಿಸಿರಬಹುದು. ಮೇಲಿನ ಹೊಲದ ನೀರು ಅಲ್ಲಿ ಇಂಗುತ್ತಿರಬಹುದು. ಫಲ ಕೊಟ್ಟದ್ದು ಸೀಸೆಯೋ ನೆಲವೋ ಎಂಬುದನ್ನು ಒಂದೇ ತಾಕಿನಿಂದ ಹೇಳಲಾಗದು.

ನೆಲದ ಈ ಏರುಪೇರು ಎಷ್ಟಿರುತ್ತದೆ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮರ್ಸರ್ ಮತ್ತು ಹಾಲ್ ಎಂಬ ವಿಜ್ಞಾನಿಗಳು ನಡೆಸಿ 1911ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ನೀಡುತ್ತದೆ. ಒಂದು ಎಕರೆ ಗೋಧಿ ಬೆಳೆಯನ್ನು ಅವರು 500 ಸಮ ತಾಕುಗಳಾಗಿ ಕೊಯ್ದು ಬೇರೆ ಬೇರೆ ತೂಗಿದರು. ತಾಕೊಂದು ಸುಮಾರು 87 ಚದರ ಅಡಿ. ಎಲ್ಲಕ್ಕೂ ಒಂದೇ ಬೀಜ, ಒಂದೇ ಬೇಸಾಯ. ಆದರೂ ಒಂದು ತಾಕಿನಲ್ಲಿ ಸುಮಾರು 1.24 ಕಿಲೊ ಕಾಳು ಸಿಕ್ಕರೆ ಇನ್ನೊಂದರಲ್ಲಿ 2.34 ಕಿಲೊ ಸಿಕ್ಕಿತು. ಯಾವ ಟಾನಿಕ್ಕೂ ಇಲ್ಲದೆ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ!

ಹಾಗಾದರೆ ನಿಜ ತಿಳಿಯುವ ಬಗೆ ಹೇಗೆ? 1919ರಲ್ಲಿ ಅದೇ ಕೇಂದ್ರ ಸೇರಿದ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ದಾರಿ ತೋರಿಸಿದರು. ಅದರ ತಿರುಳು ಮೂರು ಮಾತು: ಪಕ್ಕದಲ್ಲೇ ಹೋಲಿಕೆ ತಾಕು ಇರಲಿ, ಪ್ರಯೋಗ ಹಲವು ಸಲ ಪುನರಾವರ್ತನೆಯಾಗಲಿ, ಯಾವ ತಾಕಿಗೆ ಏನು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಿ. ಇದನ್ನು ನಿಮ್ಮ ಹೊಲದಲ್ಲೂ ಮಾಡಬಹುದು.

ಒಂದು ಎಕರೆ ರಾಗಿ ಹೊಲದಲ್ಲಿ ಒಂದೊಂದು ಗುಂಟೆಯ 12 ತಾಕುಗಳನ್ನು ಗುರುತಿಸಿ. ಅಕ್ಕಪಕ್ಕದ ಎರಡು ಸೇರಿ ಒಂದು ಜೋಡಿ. ಒಟ್ಟು ಆರು ಜೋಡಿ. ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ಯಾವುದಕ್ಕೆ ಟಾನಿಕ್ಕು ಎಂದು ನಿರ್ಧರಿಸಿ. ನಾವೇ ಆರಿಸಿದರೆ ಅರಿವಿಲ್ಲದೆಯೇ ಒಳ್ಳೆಯ ನೆಲವನ್ನು ಹೊಸ ವಸ್ತುವಿಗೆ ಕೊಟ್ಟುಬಿಡುತ್ತೇವೆ. ಜೊತೆಯ ತಾಕಿಗೆ ಅಷ್ಟೇ ಬರಿ ನೀರು ಸಿಂಪಡಿಸಿ. ಇಲ್ಲವಾದರೆ ಒಣ ದಿನಗಳಲ್ಲಿ ನೀರು ಮಾಡಿದ ಉಪಕಾರವೂ ಟಾನಿಕ್ಕಿನ ಖಾತೆಗೆ ಹೋಗುತ್ತದೆ. ಬಿತ್ತನೆ, ಗೊಬ್ಬರ, ಕಳೆ ಎಲ್ಲವೂ ಒಂದೇ ಬಗೆಯಾಗಿರಲಿ. ಸುಗ್ಗಿಯಲ್ಲಿ ತಾಕು ತಾಕನ್ನೂ ಬೇರೆ ಒಕ್ಕಿ, ಚೆನ್ನಾಗಿ ಒಣಗಿಸಿ ತೂಗಿ. ಕಣ್ಣಂದಾಜು ಬೇಡ.

ಆರಕ್ಕೆ ಆರೂ ಜೋಡಿಗಳಲ್ಲಿ ಟಾನಿಕ್ಕಿನ ತಾಕೇ ಗೆದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಿ. ಟಾನಿಕ್ಕಿಗೆ ಏನೂ ಗುಣವಿಲ್ಲದಿದ್ದರೂ ಹೀಗಾಗುವ ಸಂಭವವುಂಟು, ಆದರೆ ಅದು 64ರಲ್ಲಿ ಒಂದು ಸಲ ಮಾತ್ರ. ಆರು ಸಲ ನಾಣ್ಯ ಚಿಮ್ಮಿದಾಗ ಆರೂ ಸಲ ಹೆಡ್ಸ್ ಬಿದ್ದಷ್ಟು ಅಪರೂಪ. ಆದರೆ ಆರರಲ್ಲಿ ನಾಲ್ಕು ಗೆದ್ದಿತೆಂದು ಹಿಗ್ಗಬೇಡಿ. ನಾಲ್ಕು ಅಥವಾ ಅದಕ್ಕೂ ಹೆಚ್ಚು ಗೆಲುವು ಬರಿಯ ಅದೃಷ್ಟದಿಂದಲೇ 64ರಲ್ಲಿ 22 ಸಲ, ಅಂದರೆ ಮೂರರಲ್ಲಿ ಒಂದು ಸಲ ಬರುತ್ತದೆ.

ಗೆದ್ದರೂ ಸಾಲದು, ಲೆಕ್ಕ ಹಾಕಬೇಕು. ಆರು ಜೋಡಿಗಳ ವ್ಯತ್ಯಾಸ ಕೂಡಿ ಆರರಿಂದ ಭಾಗಿಸಿ. ಗುಂಟೆಗೆ ಸರಾಸರಿ ಅರ್ಧ ಕಿಲೊ ಹೆಚ್ಚು ಬಂದರೆ ಎಕರೆಗೆ 20 ಕಿಲೊ. ಆ ರಾಗಿಯ ಬೆಲೆ ಸೀಸೆಯ ದುಡ್ಡು, ಸಿಂಪಡಿಸಿದ ಆಳಿನ ಕೂಲಿ ಎರಡನ್ನೂ ತೀರಿಸಿ ಮಿಗುತ್ತದೆಯೇ? ಮಿಗದಿದ್ದರೆ ಅಂಥ ಗೆಲುವಿನಿಂದ ಪ್ರಯೋಜನವಿಲ್ಲ. ಮಳೆ ವರ್ಷದಿಂದ ವರ್ಷಕ್ಕೆ ಬೇರೆಯಾದ್ದರಿಂದ ಎರಡನೆಯ ಹಂಗಾಮಿನಲ್ಲೂ ಪರೀಕ್ಷಿಸುವುದು ಜಾಣತನ.

ಹನ್ನೆರಡು ತಾಕು ಒಬ್ಬರಿಗೆ ಭಾರವೆನಿಸಿದರೆ ವಾಚನಾಲಯಕ್ಕೆ ಬರುವ ಆರು ಮಂದಿ ಒಂದೊಂದು ಜೋಡಿ ಹಂಚಿಕೊಳ್ಳಿ. ಆರು ಹೊಲಗಳ ಸಾಕ್ಷಿ ಒಂದು ಹೊಲದ ಸಾಕ್ಷಿಗಿಂತ ಊರಿಗೆ ಹೆಚ್ಚು ಉಪಯುಕ್ತ. ಅನುಮಾನವಿದ್ದಲ್ಲಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ತೂಕಗಳನ್ನು ವಾಚನಾಲಯದ ಒಂದು ಪುಸ್ತಕದಲ್ಲಿ ಬರೆದಿಡಿ. ಗೆದ್ದವರದನ್ನು ಮಾತ್ರವಲ್ಲ, ಸೋತವರದನ್ನೂ ಬರೆಯಿರಿ. ಮಾರುವವರು ತೋರಿಸುವುದು ಗೆದ್ದ ತಾಕನ್ನು ಮಾತ್ರ. ಸೋತ ತಾಕುಗಳ ಲೆಕ್ಕ ನಮ್ಮ ಬಳಿಯಾದರೂ ಇರಬೇಡವೇ?