ಬಾವಿಯ ಈಜು, ಕಾಲೇಜಿನ ಪಂದ್ಯ

ನಮ್ಮ ದೇಶದ ವಿಶ್ವವಿದ್ಯಾಲಯಗಳ ನಡುವೆ ನಡೆಯುವ ಅಖಿಲ ಭಾರತ ಸ್ಪರ್ಧೆಗಳಲ್ಲಿ ವಾಟರ್ ಪೋಲೋ ಎಂಬುದೂ ಒಂದು. ತಡವಳದ ಕಡೆಯ ಮನೆಗಳಲ್ಲಿ ಈ ಹೆಸರನ್ನು ಕೇಳಿದವರು ವಿರಳ. ಆದರೂ ಈ ತಿಂಗಳು ಅದನ್ನು ಕುರಿತೇ ನಾಲ್ಕು ಮಾತು ಬರೆಯಬೇಕೆನಿಸಿದೆ. ಆ ಆಟಕ್ಕೆ ಬೇಕಾದ ಮೂಲವಿದ್ಯೆ ಒಂದು ಕಾಲಕ್ಕೆ ನಮ್ಮ ಹೊಲದ ಬಾವಿಗಳಲ್ಲಿಯೇ ದೊರೆಯುತ್ತಿತ್ತು.

ಈ ಆಟದಲ್ಲಿ ಗೋಲು ಕಾಯುವವನೂ ಸೇರಿ ಪಕ್ಷಕ್ಕೆ ಏಳು ಜನರು. ಎಂಟೆಂಟು ನಿಮಿಷಗಳ ನಾಲ್ಕು ಸರದಿಗಳು. ಗೋಲು ಕಾಯುವವನ ಹೊರತು ಉಳಿದವರು ಚೆಂಡನ್ನು ಒಂದೇ ಕೈಯಿಂದ ಹಿಡಿಯಬೇಕು. ಕೊಳದ ತಳಕ್ಕೆ ಕಾಲೂರುವಂತಿಲ್ಲ. ಆಟಗಾರನು ಮೊಸರು ಕಡೆಯುವ ಕಡೆಗೋಲಿನಂತೆ ಎರಡೂ ಕಾಲುಗಳನ್ನು ತಿರುಗಿಸುತ್ತ, ಎದೆಯನ್ನು ನೀರಿನ ಮೇಲೆತ್ತಿ ನಿಲ್ಲಬೇಕು.

ಭಾರತಕ್ಕೆ ಈ ಆಟ ಹೊಸದಲ್ಲ. 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮವರು ಚಿನ್ನ ಗೆದ್ದರು. 1970ರಲ್ಲಿ ಬೆಳ್ಳಿ, 1982ರಲ್ಲಿ ಕಂಚು ಪಡೆದರು. ಅಮೆರಿಕದಲ್ಲಿ ಕಾಲೇಜು ಯುವಕರ ರಾಷ್ಟ್ರೀಯ ಚಾಂಪಿಯನ್‌ಶಿಪ್ 1969ರಲ್ಲಿ ಪ್ರಾರಂಭವಾಯಿತು. ಅಂದಿನಿಂದ ಕ್ಯಾಲಿಫೋರ್ನಿಯ ರಾಜ್ಯದ ಹೊರಗಿನ ಯಾವ ಕಾಲೇಜೂ ಅದನ್ನು ಗೆದ್ದಿಲ್ಲ. ಅಲ್ಲಿನ ಹವೆ ಬೆಚ್ಚನೆಯದು. ಹೈಸ್ಕೂಲುಗಳಲ್ಲಿಯೇ ಈಜುಕೊಳಗಳಿವೆ, ಕಲಿಸುವವರಿದ್ದಾರೆ. ಎಳವೆಯಲ್ಲಿ ನೀರು ಸಿಕ್ಕವರಿಗೆ ಮುಂದೆ ಗೆಲುವು ಸಿಕ್ಕುತ್ತದೆ.

ನಮಗೂ ಎಳವೆಯಲ್ಲಿ ನೀರು ಸಿಕ್ಕಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ದಂಡೆಯ ಮೇಲೆ ನಿಂತ ಕಾಕಾನ ಕೈಯಲ್ಲಿ. ನಾಲ್ಕು ದಿನದಲ್ಲಿ ಬುರುಡೆ ಬಿಚ್ಚಿಸಿ ತಳ್ಳಿಬಿಡುತ್ತಿದ್ದರು. ಈಗ ಬೋರ್‌ವೆಲ್ಲುಗಳು ಬಂದು ಎಷ್ಟೋ ಬಾವಿಗಳು ಬರಿದಾಗಿ ಮುಳ್ಳುಕಂಟಿ ತುಂಬಿಕೊಂಡಿವೆ.

ಈಚೆಗೆ ನಮ್ಮ ಮನೆಯ ಹುಡುಗನೊಬ್ಬ ಸೊಲ್ಲಾಪುರದಲ್ಲಿ ಕಾಲೇಜು ಸೇರಿ ಬಂದನು. ಯಾವ ಆಟ ಬರುತ್ತದೆಂದು ಕೇಳಿದರಂತೆ. ಈಜು ಬರುವುದಿಲ್ಲವೆಂದು ಹೇಳಿ ಬಂದಿದ್ದನು. ಹಿರಿಯರಿಗೆ ನಂಬಿಕೆಯಾಗಲಿಲ್ಲ.

“ನಮ್ಮ ಮನಿಯಾಗ ಈಜು ಬರಲಾರದಂವ ಯಾರಿದ್ದಾರೋ ತಮ್ಮಾ?”

“ಎಲ್ಲಿ ಕಲೀಲಿ ಮುತ್ಯಾ? ಬಾವ್ಯಾಗ ನೀರೇ ಇಲ್ಲ.”

ಮುತ್ಯಾ ಸುಮ್ಮನಾದರು. ನಮಗೂ ಉತ್ತರ ಹೊಳೆಯಲಿಲ್ಲ.

ಪದಕದ ಮಾತು ಹಾಗಿರಲಿ. ನಮ್ಮ ತಾಲೂಕಿನ ದಕ್ಷಿಣಕ್ಕೆ ಭೀಮೆ ಹರಿಯುತ್ತಾಳೆ. ಈಜು ಬಾರದ ಮಕ್ಕಳೂ ಹಬ್ಬಕ್ಕೆಂದೋ ಆಟಕ್ಕೆಂದೋ ಹೊಳೆಗೆ ಇಳಿಯುತ್ತಾರೆ. ಆ ಭಯ ಯಾವ ತಾಯಿಗೆ ಇಲ್ಲ?

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮಳೆಗಾಲ ಮುಗಿದು ನಿಮ್ಮ ಊರಿನ ಯಾವುದಾದರೊಂದು ಬಾವಿಯಲ್ಲಿ ತಿಳಿನೀರು ನಿಂತಾಗ, ಈಜು ಬಲ್ಲ ಹಿರಿಯರು ಹಗ್ಗ ಹಿಡಿದು ದಂಡೆಗೆ ಬರಲಿ. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಕಲಿಸಲಿ. ಅವರಲ್ಲಿ ಒಬ್ಬರು ಮುಂದೆ ವಿಶ್ವವಿದ್ಯಾಲಯದ ತಂಡ ಸೇರಿದರೆ ಸಂತೋಷವೇ. ಸೇರದಿದ್ದರೂ ಹೊಳೆಗೆ ಹೋದ ಮಗು ಸುಖವಾಗಿ ಮನೆಗೆ ಮರಳೀತು. ನಮಗೆ ಅಷ್ಟು ಸಾಕು.