ಉಸಿರು ಉಳಿಯಿತು, ಕಣ್ಣು? ಅವಧಿಗೆ ಮುಂಚೆ ಹುಟ್ಟಿದ ಮಗುವಿನ 30 ದಿನದ ತಪಾಸಣೆ ತಪ್ಪೋದು ಎಲ್ಲಿ

ಏಳು ತಿಂಗಳಿಗೇ ಹುಟ್ಟಿದ ಮಗು ಅಳೋದಿಲ್ಲ, ಮೈ ನೀಲಿಗಟ್ಟಿರುತ್ತೆ. ನರ್ಸ್ ಮೈ ಒರೆಸಿ, ಬೆನ್ನು ತಿಕ್ಕಿ, ಮೂಗು-ಬಾಯಿಗೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತುತ್ತಾರೆ. ಉಸಿರು ಬಂದರೆ ನೇರ ಎಸ್‌ಎನ್‌ಸಿಯು ವಾರ್ಡ್, ಅಲ್ಲಿ ದಿನಗಟ್ಟಲೆ ಆಕ್ಸಿಜನ್. ಎರಡು ಮೂರು ವಾರದಲ್ಲಿ ಮಗು ತೂಕ ಹಿಡಿಯುತ್ತೆ. 'ಗಂಡಾಂತರ ಕಳೀತು' ಅಂತ ಮನೆಯವರು ದೇವರಿಗೆ ಕೈಮುಗಿದು ಊರಿಗೆ ಹೊರಡ್ತಾರೆ. ಕಣ್ಣಿನ ಗಂಡಾಂತರ ಶುರುವಾಗೋದು ಹೆಚ್ಚಾಗಿ ಆಗಲೇ.

ಇದರ ಹೆಸರು ಆರ್‌ಒಪಿ. ಕಣ್ಣಿನ ಒಳಪರದೆ, ಅಂದರೆ ರೆಟಿನಾದ ರಕ್ತನಾಳಗಳು ಬೆಳೆದು ಮುಗಿಯೋದು ಹೆಚ್ಚೂಕಮ್ಮಿ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಮಗುವಿಗೆ ಆಕ್ಸಿಜನ್ ಅತಿಯಾದರೆ ಆ ಬೆಳವಣಿಗೆ ನಿಲ್ಲುತ್ತೆ. ಕೆಲವು ವಾರದ ನಂತರ ನಾಳಗಳು ಅಡ್ಡಾದಿಡ್ಡಿ ಬೆಳೆದು, ರೆಟಿನಾವನ್ನೇ ಎಳೆದು ಕಳಚಿಬಿಡಬಹುದು. ಅಮೆರಿಕದ ಗಾಯಕ ಸ್ಟೀವಿ ವಂಡರ್ 1950ರಲ್ಲಿ ಅವಧಿಗೆ ಮುನ್ನ ಹುಟ್ಟಿ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ.

ಹಾಗಂತ ಆಕ್ಸಿಜನ್ ಬೇಡ ಅನ್ನೋ ಹಾಗಿಲ್ಲ. ಅದಿಲ್ಲದಿದ್ದರೆ ಮಗು ಉಳಿಯಲ್ಲ, ಉಳಿದರೂ ಮೆದುಳಿಗೆ ಪೆಟ್ಟು. ಹುಟ್ಟಿದ ಕೂಡಲೇ ಕೊಡುವ ಕೆಲ ನಿಮಿಷದ ಆಕ್ಸಿಜನ್‌ಗಿಂತ ನಂತರದ ದಿನಗಳದ್ದೇ ಇಲ್ಲಿ ದೊಡ್ಡ ಪಾತ್ರ. ಪಲ್ಸ್ ಆಕ್ಸಿಮೀಟರ್ ನೋಡಿಕೊಂಡು ಹದವಾಗಿ ಕೊಡಬೇಕು. ಆಕ್ಸಿಜನ್ ಮೇಲಿರುವ ಇಂಥ ಶಿಶುಗಳಲ್ಲಿ ರೀಡಿಂಗ್ ಸಾಮಾನ್ಯವಾಗಿ 90ರಿಂದ 95ರೊಳಗಿರಲಿ ಅಂತಾರೆ. ನೂರು ತೋರಿಸಿದರೆ ಖುಷಿಪಡುವ ವಿಷಯ ಅಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಸಿಪಿಆರ್ ಮಾಡುವಾಗಲೂ ತೊಂದರೆಗಳುಂಟು. ಗಾಳಿ ಜೋರಾಗಿ ಊದಿದರೆ ಹೊಟ್ಟೆ ಉಬ್ಬಿ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಪಕ್ಕೆಲುಬು ಮುರಿಯೋದು, ರೆಟಿನಾದಲ್ಲಿ ರಕ್ತ ಒಸರೋದು ಅಪರೂಪ. ಆ ಭಯಕ್ಕೆ ಕೈಕಟ್ಟಿ ನಿಂತರೆ ಮಗುವೇ ಇರಲ್ಲ.

ಅಸಲಿ ಸಮಸ್ಯೆ ಡಿಸ್ಚಾರ್ಜ್ ಆದ ಮೇಲಿನದು. 2 ಕೆ.ಜಿ.ಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೂ ಮೊದಲು ಹುಟ್ಟಿದ ಪ್ರತಿ ಮಗುವಿನ ರೆಟಿನಾ ತಪಾಸಣೆ 30 ದಿನದೊಳಗೆ ಆಗಬೇಕು ಅನ್ನೋದು ನಮ್ಮ ದೇಶದ ನಿಯಮ. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರದಲ್ಲೇ. ಆದರೆ ಬಾಣಂತಿ ಅಷ್ಟರಲ್ಲಿ ತವರು ಸೇರಿರ್ತಾಳೆ. ಕೂಲಿ ಬಿಟ್ಟು, ಬಸ್ ಹತ್ತಿ, ಹಸುಗೂಸನ್ನು ಮತ್ತೆ ಜಿಲ್ಲಾಸ್ಪತ್ರೆಗೆ ತರಬೇಕು. 'ಕಣ್ಣು ಚೆನ್ನಾಗೇ ಇದೆಯಲ್ಲ, ಪಿಳಿಪಿಳಿ ನೋಡುತ್ತೆ' ಅಂತ ಅಜ್ಜಿ ಹೇಳಿದರೆ ಮುಗೀತು. ಹೊರಗಿನಿಂದ ಕಣ್ಣು ಸರಿಯಾಗೇ ಕಾಣುತ್ತೆ, ಅದೇ ಮೋಸ. ಕಣ್ಣಪಾಪೆ ಬೆಳ್ಳಗಾಗೋ ಹೊತ್ತಿಗೆ ಮಾಡೋಕೆ ಉಳಿದಿರೋದು ಕಮ್ಮಿ.

ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ 29 ವಾರಕ್ಕೇ ಹುಟ್ಟಿದ ಹೆಣ್ಣುಮಗುವಿಗೆ ಈ ತಪಾಸಣೆ ಆಗಲೇ ಇಲ್ಲ. ಮಗು ಕುರುಡಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಹತ್ತೊಂಬತ್ತು ವರ್ಷ!

ಕರ್ನಾಟಕಕ್ಕೆ ಇದು ಹೊಸ ವಿಷಯವೇನಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲೇ 'ಕಿಡ್‌ರಾಪ್' ಶುರುಮಾಡಿ, ತರಬೇತಾದ ತಂತ್ರಜ್ಞರ ಕೈಯಲ್ಲಿ ಕ್ಯಾಮೆರಾ ಕೊಟ್ಟು ಜಿಲ್ಲೆಗಳಿಗೆ ಕಳಿಸಿತು. ಚಿತ್ರ ಬೆಂಗಳೂರಿಗೆ ಹೋಗುತ್ತೆ, ವೈದ್ಯರು ಅಲ್ಲಿಂದಲೇ ನೋಡಿ ಹೇಳ್ತಾರೆ. ದಾರಿ ಇದೆ, ಮಗು ಆ ದಾರಿಗೆ ಬರಬೇಕಷ್ಟೆ.

ಇಲ್ಲಿ ಆಶಾ ಕಾರ್ಯಕರ್ತೆಯ ಕೆಲಸ ದೊಡ್ಡದು. ಬಾಣಂತಿ ಮನೆಗೆ ಆಕೆ 21ನೇ ದಿನ, 28ನೇ ದಿನ ಹೇಗೂ ಹೋಗಲೇಬೇಕು. 'ಹಾಲು ಕುಡೀತಾ?' ಜೊತೆಗೆ 'ಕಣ್ಣು ತೋರಿಸಿದ್ರಾ?' ಅಂತಲೂ ಕೇಳಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ತಪಾಸಣೆಯ ತಾರೀಕನ್ನು ದೊಡ್ಡದಾಗಿ, ಕನ್ನಡದಲ್ಲಿ ಬರೆದುಕೊಡೋದಕ್ಕೆ ಅನುದಾನವೇನೂ ಬೇಕಿಲ್ಲ. ಲೇಸರ್ ಬೇಕಾದ ಮಗುವಿಗೆ ಸಿಗೋ ಸಮಯ ಎರಡು ಮೂರು ದಿನ ಮಾತ್ರ.