ಸುರಂಗ ಕೊರೆಯುವ ಮುನ್ನ ಬಂಡೆಯ ಗುಣ ನೋಡಲಿ

ಕಾಗಲ: ಪುಣೆ–ಬೆಂಗಳೂರು ಹೆದ್ದಾರಿ ನಮ್ಮ ಊರಿನ ಮಗ್ಗುಲಲ್ಲೇ ಹಾದಿದೆ. ಓದು, ನೌಕರಿ, ದವಾಖಾನೆ ಎಂದು ಪುಣೆಗೆ ಹೋಗಿಬರುವ ಇಲ್ಲಿನ ಕನ್ನಡ ಕುಟುಂಬಗಳಿಗೆ ಸಾತಾರದ ಆಚೆಗಿನ ಖಂಬಾಟಕಿ ಸುರಂಗ ಹೊಸದಲ್ಲ. ಹಳೆಯ ಸುರಂಗ ಸಾಲದೆ, ಅಲ್ಲಿ ಮೂರು–ಮೂರು ಪಥಗಳ ಜೋಡಿ ಸುರಂಗದ ಕೆಲಸ ಕೈಗೆತ್ತಿಕೊಂಡದ್ದನ್ನೂ ಹೋಗಿಬರುವವರು ಕಂಡಿದ್ದಾರೆ.

ಇನ್ನು ಕೊಂಕಣದ ಕಡೆ ಇಳಿಯಬೇಕಾದರೆ ಗಡಹಿಂಗ್ಲಜದವರಿಗೆ ಆಂಬೋಲಿ, ಕೊಲ್ಹಾಪುರದವರಿಗೆ ಗಗನಬಾವಡಾ ಘಾಟ್. ಮಳೆಗಾಲದಲ್ಲಿ ಗುಡ್ಡ ಜರಿದರೆ ರಸ್ತೆ ಬಂದ್. ಹಾಗಾಗಿ ‘ಘಾಟ್ ಸಾಕು, ಸುರಂಗ ಮಾಡ್ರಿ’ ಎನ್ನುವವರು ಇದ್ದಾರೆ. ಭೂಮಿ ಹೋಗುತ್ತದೆ, ಕಾಡು ಹಾಳಾಗುತ್ತದೆ ಎಂದು ಬೇಡ ಎನ್ನುವವರೂ ಇದ್ದಾರೆ. ಆದರೆ ಇಬ್ಬರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಒಳಗಿನ ಬಂಡೆ ಎಂಥದ್ದು? ಅದನ್ನು ಯಾರು, ಎಷ್ಟು ಕಡೆ ಕೊರೆದು ನೋಡಿದ್ದಾರೆ?

ಮೇಲೆ ಗಟ್ಟಿ, ಒಳಗೆ ಬೇರೆ

ಸಹ್ಯಾದ್ರಿ ಎಂದರೆ ಕರಿಕಲ್ಲು, ಅದಕ್ಕೇನು ಭಯ ಎನ್ನಬಹುದು. ಬಾವಿ ತೋಡಿಸಿದ ರೈತನನ್ನು ಕೇಳಿ ನೋಡಿ. ಹತ್ತು ಅಡಿ ಸುತ್ತಿಗೆಗೆ ಬಗ್ಗದ ಕಲ್ಲು, ಅದರ ಕೆಳಗೆ ಕೈಯಲ್ಲೇ ಪುಡಿಯಾಗುವ ಕಲ್ಲು, ನಡುವೆ ಒಂದು ಕೆಂಪು ಪದರ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಈ ಗುಡ್ಡಗಳಾದವು. ಎರಡು ಹರಿವುಗಳ ನಡುವೆ ಸಿಕ್ಕಿಕೊಂಡ ಕೆಂಪು ಪದರ ಗಾಳಿ–ನೀರು ತಾಗಿದರೆ ಉದುರುತ್ತದೆ. ನೀರು ಜಿನುಗುವುದೂ ಹೆಚ್ಚಾಗಿ ಇಂಥ ಸಂದಿಯಲ್ಲೇ. ಸುರಂಗದ ನೆತ್ತಿಗೆ ಸರಿಯಾಗಿ ಇದೇ ಪದರ ಬಂದರೆ ಏನು ಗತಿ?

ಅದಕ್ಕೇ ಮೊದಲು ಗುಡ್ಡದ ಮೇಲಿನಿಂದ ಕೊರೆದು ಕಲ್ಲಿನ ಕಂಬಿ ಹೊರತೆಗೆಯುತ್ತಾರೆ. ಒಂದು ಮೀಟರ್ ಕೊರೆದಾಗ 10 ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದದ ತುಂಡುಗಳೆಲ್ಲ ಸೇರಿ 65 ಸೆಂಟಿಮೀಟರ್ ಆದರೆ ಆ ಬಂಡೆಗೆ ಶೇ. 65 ಎಂದು ಲೆಕ್ಕ. ಇದಕ್ಕೆ ‘ಆರ್‌ಕ್ಯುಡಿ’ ಎನ್ನುತ್ತಾರೆ. ಕಲ್ಲಿನ ಬಲ, ಬಿರುಕುಗಳ ಅಂತರ, ಬಿರುಕಿನೊಳಗಿನ ಮಣ್ಣು, ನೀರು, ಬಿರುಕು ವಾಲಿದ ದಿಕ್ಕು ಎಲ್ಲ ಸೇರಿಸಿ ನೂರಕ್ಕೆ ಅಂಕ ಕೊಡುವ ಪದ್ಧತಿಯನ್ನು ಬೀನಿಯಾವ್‌ಸ್ಕಿ ಎಂಬ ಎಂಜಿನಿಯರ್ 1973ರಲ್ಲಿ ತಂದರು. ಶಾಲೆಯ ಮಾರ್ಕ್ಸ್ ಕಾರ್ಡ್ ಇದ್ದ ಹಾಗೇ.

ಆ ಅಂಕದ ಮೇಲೆ ಆಧಾರ ನಿಲ್ಲುತ್ತದೆ. ಸುಮಾರು 10 ಮೀಟರ್ ಅಗಲದ ಸುರಂಗದಲ್ಲಿ 60 ದಾಟಿದ ಬಂಡೆಗೆ ಅಲ್ಲಲ್ಲಿ 3 ಮೀಟರಿನ ಬೋಲ್ಟು, ಬೇಕಾದಲ್ಲಿ 5 ಸೆಂಟಿಮೀಟರ್ ದಪ್ಪ ಎರಚಿದ ಕಾಂಕ್ರೀಟು ಸಾಕು. 20ಕ್ಕಿಂತ ಕೆಳಗಿಳಿದರೆ 5–6 ಮೀಟರಿನ ಬೋಲ್ಟು, 15–20 ಸೆಂಟಿಮೀಟರ್ ಕಾಂಕ್ರೀಟು, ಮುಕ್ಕಾಲು ಮೀಟರಿಗೊಂದು ಉಕ್ಕಿನ ಕಮಾನು ಬೇಕು. ಮೂರು ಪಥದ ಸುರಂಗ ಇನ್ನೂ ಅಗಲ, ಆಧಾರವೂ ಇನ್ನೂ ಹೆಚ್ಚು. ಖರ್ಚಿನಲ್ಲಿ ಎಷ್ಟು ಫರಕು ಆಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಕ ಹಾಕುವವನ ಕೈ ಸಡಿಲವಾದರೆ ಉಳಿಯುವುದು ಯಾರ ದುಡ್ಡು, ಹೋಗುವುದು ಯಾರ ಜೀವ?

ಮುಗಿದ ಜಾಗವೂ ಕುಸಿಯಿತು

ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 2023ರ ನವೆಂಬರ್ 12ರಂದು, ದೀಪಾವಳಿಯ ಬೆಳಿಗ್ಗೆ, ಹೆದ್ದಾರಿ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಬಿದ್ದರು. ಹೊರಗೆ ಬಂದದ್ದು 28ರಂದು. ಕುಸಿದದ್ದು ಹೊಸದಾಗಿ ಕೊರೆಯುತ್ತಿದ್ದ ತುದಿಯಲ್ಲ. ಬಾಯಿಯಿಂದ ಸುಮಾರು 200 ಮೀಟರ್ ಒಳಗೆ, ಹಿಂದೆಯೇ ಕೊರೆದು ಮುಂದೆ ಹೋಗಿದ್ದ ಜಾಗ. ಅಂದರೆ ಒಮ್ಮೆ ಅಂಕ ಹಾಕಿ ಸುಮ್ಮನಾದರೆ ಆಗಲಿಲ್ಲ. ಗೋಡೆ ಎಷ್ಟು ಮಿಲಿಮೀಟರ್ ಒಳಗೆ ಸರಿಯಿತು ಎಂದು ಅಳೆಯುತ್ತಲೇ ಇರಬೇಕು.

ಇದನ್ನು ತಿಳಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ಜನ ಸತ್ತ ನೆಲದಲ್ಲೇ, 1988ರಲ್ಲಿ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಆರಂಭವಾಯಿತು. ಇಂಥ ಸಂಸ್ಥೆಗಳ ತಜ್ಞರನ್ನು ಕುಸಿದ ಮೇಲೆ ಕರೆಸುವುದಕ್ಕಿಂತ ಕೊರೆಯುವ ಮೊದಲೇ ಕರೆಸುವುದು ಅಗ್ಗ.

ಕೇಳುವುದು ಹೆಚ್ಚೇನಲ್ಲ. ಸಹ್ಯಾದ್ರಿಯಲ್ಲಿ ಯಾವ ಹೆದ್ದಾರಿ ಸುರಂಗವಾದರೂ ಎಷ್ಟು ಕಡೆ ಕೊರೆದು ನೋಡಲಾಗಿದೆ, ಯಾವ ಭಾಗಕ್ಕೆ ಎಷ್ಟು ಅಂಕ, ಯಾವ ಆಧಾರ ಎಂಬುದನ್ನು ಆಯಾ ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಹಾಕಲಿ. ಮರಾಠಿಯಲ್ಲಿ ಹಾಕಲಿ, ಗಡಿ ತಾಲೂಕುಗಳಲ್ಲಿ ಕನ್ನಡದಲ್ಲೂ ಹಾಕಲಿ. ಪ್ರತಿ ಸ್ಫೋಟದ ನಂತರ ಭೂವಿಜ್ಞಾನಿ ಬಂಡೆ ನೋಡಿ ಸಹಿ ಮಾಡಿದ ಮೇಲೆಯೇ ಮುಂದಿನ ಸ್ಫೋಟ ಆಗಲಿ. ಆ ಭೂವಿಜ್ಞಾನಿಯ ಪಗಾರ ಗುತ್ತಿಗೆದಾರನ ಕೈಯಿಂದ ಬರದಿರಲಿ. ಬಂಡೆ ಕೆಟ್ಟದ್ದು ಬಂದರೆ ಹೆಚ್ಚಿನ ಕಮಾನಿನ ಹಣ ಸರಕಾರ ತಕರಾರಿಲ್ಲದೆ ಕೊಡಲಿ. ಇಲ್ಲವಾದರೆ ಕೆಟ್ಟ ಬಂಡೆಯೂ ಕಾಗದದಲ್ಲಿ ಒಳ್ಳೆಯದೇ ಆಗುತ್ತದೆ.

ಸುರಂಗದಲ್ಲಿ ದುಡಿಯುವವರು ಯಾರದೋ ಮನೆಯ ಮಕ್ಕಳು, ದಿನವೂ ಹಾದು ಹೋಗುವವರು ನಾವು. ಹೆದ್ದಾರಿ ಪ್ರಾಧಿಕಾರ, ಎರಡೂ ರಾಜ್ಯಗಳ ಜನಪ್ರತಿನಿಧಿಗಳು ಇತ್ತ ಗಮನ ಕೊಡಬೇಕು.